ಚಿತ್ತಪ್ರಸಾದ್ ಅವರ ಲಿನೋಕಟ್ ಕೊಳ್ಳಬಹುದಾ? ಕೊಂಡರೆ ಯಾವುದನ್ನು?

ಮಸಿಕುಡಿಕೆ:
ಎಲ್ಲರಿಗೂ ನಮಸ್ಕಾರ. ಚಿತ್ರಕಾರ ಚಿತ್ತಪ್ರಸಾದ್ ಅವರ ಒಂದು ಲಿನೋಕಟ್ (ಲಿನೋಲಿಯಂ ಹಾಳೆಯಲ್ಲಿ ಚಿತ್ರ ಕೊರೆದು, ಮಸಿ ಹಚ್ಚಿ ಕಾಗದಕ್ಕೆ ತೆಗೆದ ಅಚ್ಚು) ಮಾರಾಟಕ್ಕಿದೆ ಅಂತ ಪರಿಚಯದವರೊಬ್ಬರ ಮೂಲಕ ಗೊತ್ತಾಯಿತು. ಕಪ್ಪು ಮಸಿ, ತೆಳು ಕಾಗದ. ತಾಯಿ, ತೊಡೆಯ ಮೇಲೆ ಮಗು, ಹಿಂದೆ ಒಂದು ಗುಡಿಸಲು. ಕೆಳಗೆ ಎಷ್ಟನೇ ಪ್ರತಿ ಅನ್ನೋ ನಂಬರ್ ಇಲ್ಲ. ಪೆನ್ಸಿಲ್ ಸಹಿಯೂ ಇಲ್ಲ. ಚಿತ್ರದ ಮೂಲೆಯಲ್ಲೇ ಸಹಿ ಕೊರೆದ ಹಾಗಿದೆ. ಫ್ರೇಮ್ ಹಾಕಿಟ್ಟಿದ್ದಾರೆ.

ಇವರ ಬಗ್ಗೆ ಕೇಳದವರಿಗೆ ಎರಡು ಮಾತು. ಹುಟ್ಟಿದ್ದು 1915ರಲ್ಲಿ, ಬಂಗಾಳದ ನೈಹಾಟಿಯಲ್ಲಿ. ಓದಿದ್ದು ಚಟ್ಟಗ್ರಾಮದಲ್ಲಿ (ಚಿತ್ತಗಾಂಗ್). ಜಾತಿ ಹೇಳುತ್ತದೆ ಅಂತ ಭಟ್ಟಾಚಾರ್ಯ ಅನ್ನೋ ಮನೆತನದ ಹೆಸರನ್ನೇ ಬಿಟ್ಟರು. ಕಮ್ಯುನಿಸ್ಟ್ ಪಕ್ಷ ಸೇರಿ ಪೋಸ್ಟರ್, ವ್ಯಂಗ್ಯಚಿತ್ರ ಬರೆದರು. 1943ರ ಬಂಗಾಳದ ಕ್ಷಾಮವನ್ನು ಕಣ್ಣಾರೆ ಕಂಡು ಚಿತ್ರಿಸಿದರು. ಆಮೇಲೆ ಮುಂಬೈಗೆ ಬಂದು ಅಂಧೇರಿಯಲ್ಲಿ ನೆಲೆಸಿ, ಬಡತನದಲ್ಲೇ ಲಿನೋಕಟ್ ಮಾಡುತ್ತಾ ಹೋದರು. ತೀರಿಕೊಂಡಿದ್ದು 1978ರಲ್ಲಿ.

ನನ್ನ ಪ್ರಶ್ನೆ ಎರಡು. ನಂಬರ್ ಇಲ್ಲದ ಪ್ರತಿಯನ್ನು ನಂಬಬಹುದಾ? ಇವರ ಕೃತಿಗಳನ್ನು ಸಂಗ್ರಹಿಸೋದಾದರೆ ಎಲ್ಲಿಂದ ಶುರು ಮಾಡಬೇಕು?

ಕಲ್ಲಚ್ಚು:
ನಂಬರ್ ಇಲ್ಲ ಅಂತ ಗಾಬರಿ ಬೇಡ. ಇವರ ವಿಷಯದಲ್ಲಿ ನಂಬರ್ ಇದ್ದರೇ ನಾನು ಎರಡು ಸಲ ನೋಡುತ್ತೇನೆ. 'ಇಷ್ಟೇ ಪ್ರತಿ, ಆಮೇಲೆ ಇಲ್ಲ' ಅಂತ ಲೆಕ್ಕ ಇಟ್ಟು ಬೆಲೆ ಏರಿಸುವ ಪದ್ಧತಿ ಅವರದ್ದಲ್ಲ. ಅಗ್ಗವಾಗಿ ಜಾಸ್ತಿ ಜನರ ಕೈಗೆ ಹೋಗಲಿ ಅಂತಲೇ ಲಿನೋ ಹಿಡಿದವರು. ಮರಕ್ಕಿಂತ ಮೆತ್ತಗಿರುತ್ತೆ, ಬೇಗ ಕೊರೆಯಬಹುದು, ಪ್ರೆಸ್ ಇಲ್ಲದಿದ್ದರೆ ಚಮಚದ ಬೆನ್ನಿನಿಂದ ಉಜ್ಜಿದರೂ ಅಚ್ಚು ಬರುತ್ತೆ.

ನೀವು ನೋಡಬೇಕಾದ್ದು ಬೇರೆ. ಮೊದಲು ಫ್ರೇಮ್ ಬಿಚ್ಚಿಸಿ. ಗಾಜಿನ ಹಿಂದೆ ಇರುವಾಗ ಯಾವ ಪ್ರಿಂಟೂ ತನ್ನ ಗುಟ್ಟು ಬಿಡೋದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಇಟ್ಟು ಕಪ್ಪು ಜಾಗ ನೋಡಿ. ಸಣ್ಣ ಸಣ್ಣ ಚುಕ್ಕಿಗಳ ಸಾಲು ಕಂಡರೆ ಅದು ಆಫ್‌ಸೆಟ್‌ನಲ್ಲಿ ಮುದ್ರಿಸಿದ ಪುಸ್ತಕದ ಹಾಳೆ. ಲಿನೋಕಟ್‌ನಲ್ಲಿ ಮಸಿ ಒಂದೇ ಪದರವಾಗಿ ಕೂತಿರುತ್ತೆ, ಗೆರೆಯ ಅಂಚಿಗೆ ಸ್ವಲ್ಪ ಒತ್ತಿ ದಪ್ಪ ಆಗಿರುತ್ತೆ. ಕೈಯಲ್ಲಿ ಉಜ್ಜಿದ್ದಾದರೆ ಒಂದು ಕಡೆ ಗಾಢ, ಇನ್ನೊಂದು ಕಡೆ ತೆಳು. ಹಾಳೆ ತಿರುಗಿಸಿದರೆ ಉಜ್ಜಿದ ಹೊಳಪು ಅಥವಾ ಒತ್ತಿದ ಗುರುತು ಸಿಗಬೇಕು.

ಇದರಲ್ಲಿ ಒಂದು ತೊಡಕಿದೆ. ಹಳೇ ಪತ್ರಿಕೆಗಳಲ್ಲಿ ಸತುವಿನ ಬ್ಲಾಕ್ ಮಾಡಿ ಅಚ್ಚು ಹಾಕುತ್ತಿದ್ದರು. ಅದೂ ಕಾಗದವನ್ನು ಒತ್ತುತ್ತೆ, ಅದರ ಗೆರೆಯ ಅಂಚಲ್ಲೂ ಮಸಿ ದಪ್ಪ ಇರುತ್ತೆ. ಹಾಗಾಗಿ ಹಿಂದೆ ಅಚ್ಚಿನ ಅಕ್ಷರ ಇದೆಯಾ, ಅಳತೆ ಮೂಲ ಬ್ಲಾಕಿಗೆ ಹೊಂದುತ್ತಾ ಅನ್ನೋದನ್ನೂ ನೋಡಬೇಕು. ಬ್ಲಾಕ್ ಉಳಿದಿದ್ದರೆ ಕಲಾವಿದ ತೀರಿಕೊಂಡ ಮೇಲೂ ಯಾರಾದರೂ ಪ್ರತಿ ತೆಗೆಯಬಹುದು. ಅದು ನಕಲಿ ಅಲ್ಲ, ಆದರೆ ಅವರ ಕೈಯ ಪ್ರತಿಯೂ ಅಲ್ಲ. ಮಾರುವವರು ಅದನ್ನು ಬಾಯಿ ಬಿಟ್ಟು ಹೇಳಬೇಕು. ಹೇಳೋದಿಲ್ಲ.

ಕೆಂಪುಶಾಯಿ:
ಎರಡನೇ ಪ್ರಶ್ನೆಗೆ ನನ್ನ ಉತ್ತರ: ಶುರು ಮಾಡಲೇಬೇಡಿ.

ಕೋಪ ಮಾಡಿಕೊಳ್ಳಬೇಡಿ. ಈ ಮನುಷ್ಯ ಚಿತ್ರ ಬರೆದಿದ್ದು ಗೋಡೆಗೆ ಅಂಟಿಸೋಕೆ, ಮೆರವಣಿಗೆಯಲ್ಲಿ ಹಿಡಿಯೋಕೆ, ವಾರಪತ್ರಿಕೆಯಲ್ಲಿ ಅಚ್ಚು ಹಾಕೋಕೆ. ನಂಬರ್ ಹಾಕಲಿಲ್ಲ ಅಂದರೆ ಅದು ಮರೆವಲ್ಲ, ನಿಲುವು. ಈಗ ಅದೇ ನಂಬರ್ ಇಲ್ಲದ ಹಾಳೆಗೆ ಚಿನ್ನದ ಬಣ್ಣದ ಫ್ರೇಮ್ ಹಾಕಿ 'ಅಪರೂಪ' ಅಂತ ಮಾರುತ್ತಿದ್ದಾರೆ. ಹಸಿದವರ ಪರವಾಗಿ ಬರೆದ ಚಿತ್ರವನ್ನು ಉಂಡು ತೇಗುವವರ ಹಜಾರದಲ್ಲಿ ತೂಗು ಹಾಕೋದು ನನಗೆ ಸಹಿಸೋಕೆ ಆಗೋದಿಲ್ಲ.

ನೋಡಬೇಕು ಅಂದರೆ ಮ್ಯೂಸಿಯಂ ಇದೆ. ಪುಸ್ತಕ ಇದೆ.

ಹಳೇಕಾಗದ:
ಕೆಂಪುಶಾಯಿ ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತೆ. ಆದರೆ ಅವರ ಕ್ಷಾಮದ ಪುಸ್ತಕಕ್ಕೆ ಏನಾಯಿತು ಅಂತ ಒಮ್ಮೆ ನೆನಪಿಸಿಕೊಳ್ಳಿ.

1943ರ ನವೆಂಬರಿನಲ್ಲಿ ಚಿತ್ತಪ್ರಸಾದ್ ಮೇದಿನಿಪುರ ಜಿಲ್ಲೆ ಸುತ್ತಿದರು. ಹಿಂದಿನ ವರ್ಷ ಅಕ್ಟೋಬರಿನಲ್ಲಿ ಅಲ್ಲಿ ಚಂಡಮಾರುತ ಬಡಿದು ಬೆಳೆ ಹೋಗಿತ್ತು. ಜಪಾನ್ ಬಂದರೆ ಕೈಗೆ ಸಿಗಬಾರದು ಅಂತ ಸರ್ಕಾರ ಕರಾವಳಿಯ ದೋಣಿಗಳನ್ನು ಕಿತ್ತುಕೊಂಡಿತ್ತು. ಮೀನು ಹಿಡಿಯೋ ಹಾಗಿಲ್ಲ, ಅಕ್ಕಿ ಸಾಗಿಸೋ ಹಾಗಿಲ್ಲ. ಅದರ ಮೇಲೆ ಯುದ್ಧಕಾಲದ ಬೆಲೆ, ದಾಸ್ತಾನು ಮಾಡುವವರ ಆಟ. ಒಟ್ಟು ಬಂಗಾಳದಲ್ಲಿ ಸತ್ತವರು 20 ಲಕ್ಷದಿಂದ 30 ಲಕ್ಷ ಅಂತ ಅಂದಾಜು. ಇವರು ಊರೂರು ನಡೆದು ಶಾಯಿಯಲ್ಲಿ ಸ್ಕೆಚ್ ಮಾಡಿದರು, ಪಕ್ಕದಲ್ಲಿ ಕಂಡಿದ್ದನ್ನು ಬರೆದರು. ಅದೇ 'ಹಂಗ್ರಿ ಬೆಂಗಾಲ್' ಅನ್ನೋ ಸಣ್ಣ ಪುಸ್ತಕ. 5,000 ಪ್ರತಿ ಅಚ್ಚಾಗಿತ್ತು. ಬ್ರಿಟಿಷರು ಹಿಡಿದು ಸುಟ್ಟರು.

ಉಳಿದಿದ್ದು ಒಂದು ಪ್ರತಿ. ಅದೂ ಯಾವ ಮ್ಯೂಸಿಯಂನಲ್ಲೂ ಅಲ್ಲ, ಮನೆಯವರ ಬ್ಯಾಂಕ್ ಲಾಕರಿನಲ್ಲಿ. 2011ರಲ್ಲಿ ದೆಹಲಿಯ ಡಿಎಜಿ (ಡೆಲ್ಲಿ ಆರ್ಟ್ ಗ್ಯಾಲರಿ) ಅವರ ದೊಡ್ಡ ಪ್ರದರ್ಶನ ಮಾಡಿದಾಗ ಆ ಪ್ರತಿಯಿಂದಲೇ ತದ್ರೂಪಿ ಮುದ್ರಣ ಬಂತು. ಡಿಎಜಿ ವ್ಯಾಪಾರದ ಗ್ಯಾಲರಿಯೇ. ಯಾರೋ ಒಬ್ಬರು 'ಇದು ನನ್ನದು' ಅಂತ ಬಚ್ಚಿಟ್ಟಿದ್ದರಿಂದ ಇವತ್ತು ನೀವು 'ಪುಸ್ತಕ ಇದೆ' ಅಂತ ಹೇಳೋಕೆ ಆಗುತ್ತಿದೆ.

ಕೆಂಪುಶಾಯಿ:
ಲಾಕರಿನಲ್ಲಿ ಇಟ್ಟವರಿಗೆ ದೊಡ್ಡ ನಮಸ್ಕಾರ. ಆದರೆ ಅವರು ಸಂಗ್ರಹಕಾರರಲ್ಲ, ಮನೆಯವರು. ಕೊಂಡಿದ್ದಲ್ಲ, ಕಾಪಾಡಿದ್ದು. ಅಲ್ಲದೆ ಲಾಕರಿನಲ್ಲಿ ಇದ್ದಷ್ಟು ವರ್ಷ ಅದನ್ನು ಯಾರು ನೋಡಿದರು? ಪುಸ್ತಕ ಮತ್ತೆ ಜೀವ ಪಡೆದಿದ್ದು ತದ್ರೂಪಿ ಅಚ್ಚಾದ ಮೇಲೆ. ಹಾಗಾದರೆ ತದ್ರೂಪಿ ಕೊಳ್ಳಿ, ಹತ್ತು ಜನಕ್ಕೆ ಕೊಡಿ. ಚಿತ್ತಪ್ರಸಾದ್ ಅವರಿಗೆ ಅದೇ ಇಷ್ಟವಾಗುತ್ತಿತ್ತು.

ಕಲ್ಲಚ್ಚು:
ಸತ್ತವರಿಗೆ ಏನು ಇಷ್ಟವಾಗುತ್ತಿತ್ತು ಅಂತ ನಾವು ತೀರ್ಪು ಕೊಡೋದು ಬೇಡ ಸ್ವಾಮಿ. ಬದುಕಿದ್ದಾಗ ನಾಲ್ಕು ಜನ ಕೊಂಡಿದ್ದರೆ ಆ ಬಡತನ ಇಷ್ಟು ಕಾಡುತ್ತಿರಲಿಲ್ಲ. ಅವರ ಕೃತಿಗಳನ್ನು ಮೊದಲೇ ಗುರುತಿಸಿದವರಲ್ಲಿ ಮುಂಬೈಯಲ್ಲಿದ್ದ ಜೆಕ್ ದೇಶದ ಗೆಳೆಯರಿದ್ದರು. ಗೊಂಬೆಯಾಟ ಬಲ್ಲ ಫ್ರಾಂಟಿಶೆಕ್ ಸಲಾಬಾ ಅವರ ಸ್ನೇಹದಿಂದಲೇ ಚಿತ್ತಪ್ರಸಾದ್ ಗೊಂಬೆಯಾಟಕ್ಕೂ ಕೈ ಹಾಕಿ, ಮಕ್ಕಳಿಗಾಗಿ 'ಖೇಲಾಘರ್' ಅನ್ನೋ ಗೊಂಬೆಯಾಟದ ತಂಡ ಶುರು ಮಾಡಿದ್ದು. ಇವತ್ತು ಪ್ರಾಗ್‌ನ ರಾಷ್ಟ್ರೀಯ ಗ್ಯಾಲರಿಯಲ್ಲಿ ಇವರ ಕೃತಿಗಳಿವೆ. ಅಲ್ಲಿಯವರು ಎತ್ತಿಟ್ಟುಕೊಂಡಾಗ ನಮ್ಮವರು ಏನು ಮಾಡುತ್ತಿದ್ದರು?

ಸಂಜೆಮಲ್ಲಿಗೆ:
ಕೊಳ್ಳಬೇಕೋ ಬೇಡವೋ ಅನ್ನೋದಕ್ಕಿಂತ ಯಾವುದನ್ನು ಕೊಳ್ಳುತ್ತೇವೆ ಅನ್ನೋದು ನನಗೆ ಮುಖ್ಯ ಅನಿಸುತ್ತೆ. ಮಸಿಕುಡಿಕೆ ಅವರಿಗೆ ಸಿಕ್ಕಿರೋದು ತಾಯಿ ಮಗು. ಚೆನ್ನಾಗಿಯೇ ಇರುತ್ತೆ. ಅವರ ನಂತರದ ಲಿನೋಕಟ್‌ಗಳಲ್ಲಿ ಇಂಥವು ಬೇಕಾದಷ್ಟಿವೆ: ರೈತರು, ಪ್ರೇಮಿಗಳು, ಹೂಬಳ್ಳಿ, ಹಕ್ಕಿ, ಜಾನಪದದ ಹಾಗೆ ತುಂಬಿದ ಗೆರೆ. ಮನೆಯಲ್ಲಿ ತೂಗು ಹಾಕಿದರೆ ಯಾರಿಗೂ ಮುಜುಗರ ಇಲ್ಲ. ಅದಕ್ಕೇ ಜನ ಮೊದಲು ಕೇಳೋದು ಅವನ್ನು.

ಕ್ಷಾಮದ ಸ್ಕೆಚ್ ಹಾಗಲ್ಲ. ಎಲುಬು ಎಣಿಸಬಹುದಾದ ಎದೆ, ಊದಿದ ಹೊಟ್ಟೆ, ನಾಯಿ ಕಿತ್ತ ಹೆಣ. ಬಹಳಷ್ಟರಲ್ಲಿ ಚಿತ್ರದ ಪಕ್ಕದಲ್ಲೇ ಆ ಮನುಷ್ಯನ ಹೆಸರು, ಊರು, ಮನೆಯಲ್ಲಿ ಯಾರು ಸತ್ತರು ಅನ್ನೋದು ಬರೆದಿದೆ. ಸುಮ್ನೆ 'ಬಡವ' ಅಂತ ಅಲ್ಲ, ಇಂಥ ಊರಿನ ಇಂಥವನು ಅಂತ. ಅವರ ಬಲ ಇರೋದೇ ಅಲ್ಲಿ. ಈಗ ಹೇಳಿ, ಹೆಸರಿರುವ ಒಬ್ಬ ಮನುಷ್ಯ ಹಸಿವಿನಿಂದ ಸಾಯುತ್ತಿರುವ ಚಿತ್ರ ನನ್ನ ಸ್ವತ್ತು ಆಗಬಹುದಾ? ನನಗೆ ಉತ್ತರ ಸಿಕ್ಕಿಲ್ಲ. ಆದರೆ ಒಂದು ಖಂಡಿತ. ಕೊಂಡವರು ಚಿತ್ರದ ಸುತ್ತ ಕೂರಿಸುವ ರಟ್ಟಿನ (ಮೌಂಟ್ ಬೋರ್ಡ್) ಕೆಳಗೆ ಆ ಬರಹವನ್ನು ಮುಚ್ಚಿ ಫ್ರೇಮ್ ಹಾಕಿಸಿದರೆ ಅದು ಅನ್ಯಾಯ. ನಾನು ಕಣ್ಣಾರೆ ನೋಡಿದ್ದೇನೆ, ಬೇರೊಬ್ಬ ಕಲಾವಿದರ ರೇಖಾಚಿತ್ರಕ್ಕೆ ಹೀಗೆ ಮಾಡಿದ್ದನ್ನು. ಗೀಚು ಅಕ್ಷರ ಅಂದವಾಗಿ ಕಾಣೋದಿಲ್ಲ ಅಂತ ಫ್ರೇಮ್ ಅಂಗಡಿಯವರೇ ಮಡಚಿಬಿಟ್ಟಿದ್ದರು.

ಲೆಕ್ಕದಪುಸ್ತಕ:
ಭಾವನೆಗಳೆಲ್ಲ ಸರಿ. ಮುಂದಿನ ಹತ್ತು ವರ್ಷದಲ್ಲಿ ಯಾವುದರ ಬೆಲೆ ಏರುತ್ತೆ ಅಂತ ಯಾರಾದರೂ ಹೇಳುತ್ತೀರಾ? ಸ್ಕೆಚ್ಚಾ, ಲಿನೋನಾ, ಪೇಂಟಿಂಗಾ?

ಕಲ್ಲಚ್ಚು:
ಅದಕ್ಕೆ ಚಿನ್ನ ಕೊಳ್ಳಿ, ತಲೆನೋವಿಲ್ಲ. ಹುಳವೂ ತಿನ್ನೋದಿಲ್ಲ.

ಲೆಕ್ಕದಪುಸ್ತಕ:
ನಗಬೇಡಿ ಸರ್. ಬೆಲೆ ಇದ್ದರೆ ತಾನೇ ಜನ ಜೋಪಾನ ಮಾಡೋದು? ಬೆಲೆ ಇಲ್ಲದ್ದನ್ನು ರದ್ದಿಗೆ ಹಾಕುತ್ತಾರೆ. ಕ್ಷಾಮದ ಪುಸ್ತಕ ಲಾಕರಿಗೆ ಹೋಗಿದ್ದು ಯಾಕೆ? ಬೆಲೆಬಾಳುವ ವಸ್ತು ಅಂತ ಯಾರಿಗೋ ಅನಿಸಿದ್ದಕ್ಕೆ.

ಹಳೇಕಾಗದ:
ಈ ಮಾತನ್ನು ತಳ್ಳಿಹಾಕೋಕೆ ಆಗೋದಿಲ್ಲ. ಬೆಲೆ ಅಂದರೆ ದುಡ್ಡು ಮಾತ್ರ ಅಲ್ಲ ಅಂತ ಇಟ್ಟುಕೊಂಡರೆ.

ಕರಿಕೋಟು:
ಕಾನೂನಿನ ಕಡೆಯಿಂದ ಸ್ವಲ್ಪ. ಕೊಳ್ಳುವವರು ಸಾಮಾನ್ಯವಾಗಿ ಇದನ್ನು ಕೊನೆಗೆ ಕೇಳುತ್ತಾರೆ, ಮೊದಲು ಕೇಳಬೇಕು.

ಹಾಳೆ ಕೊಂಡರೆ ಹಾಳೆ ನಿಮ್ಮದು, ಅಷ್ಟೇ. ಹಕ್ಕುಸ್ವಾಮ್ಯ ನಿಮ್ಮದಾಗೋದಿಲ್ಲ. ನಮ್ಮ 1957ರ ಕಾಯ್ದೆಯಲ್ಲಿ ಕಲಾವಿದ ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತೆ. ಚಿತ್ತಪ್ರಸಾದ್ ಹೋಗಿದ್ದು 1978ರಲ್ಲಿ, ಹಾಗಾಗಿ 2038ರ ಕೊನೆಯವರೆಗೆ. ಅಲ್ಲಿಯವರೆಗೆ ನಿಮ್ಮ ಗೋಡೆಯ ಮೇಲಿನ ಚಿತ್ರವನ್ನೇ ಕ್ಯಾಲೆಂಡರ್ ಮಾಡಿ ಮಾರಬೇಕಾದರೂ ಅನುಮತಿ ಬೇಕು.

ಅದೇ ಕಾಯ್ದೆಯಲ್ಲಿ ಕಲಂ 53ಎ ಅಂತ ಒಂದಿದೆ. ಮೂಲ ಚಿತ್ರ, ಶಿಲ್ಪ, ರೇಖಾಚಿತ್ರ ಅಥವಾ ಹಸ್ತಪ್ರತಿ 10,000 ರೂಪಾಯಿಗಿಂತ ಹೆಚ್ಚಿಗೆ ಮರುಮಾರಾಟವಾದರೆ, ಕಲಾವಿದರು ಮೊದಲ ಹಕ್ಕುದಾರರಾಗಿದ್ದಲ್ಲಿ ಅವರಿಗೆ ಅಥವಾ ವಾರಸುದಾರರಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿದೆ. ಶೇಕಡ 10 ಮೀರುವಂತಿಲ್ಲ. ಲಿನೋಕಟ್ ಪ್ರತಿಗಳ ಹೆಸರು ಆ ಕಲಮಿನಲ್ಲಿ ಬಂದಿಲ್ಲ, ಅದು ವಾದಕ್ಕೆ ಬಿಟ್ಟ ವಿಷಯ. ಆದರೆ ಕೆಂಪುಶಾಯಿ ಅವರಿಗೆ ಇಷ್ಟವಾಗುವಂಥ ಕಲಂ. ಬಡತನದಲ್ಲಿ ಮಾರಿದ ಚಿತ್ರ ಮುಂದೆ ಕೈಯಿಂದ ಕೈಗೆ ಬೆಲೆ ಏರುತ್ತಾ ಹೋದರೆ ಬರೆದವರ ಮನೆಗೂ ಒಂದಿಷ್ಟು ಹೋಗಲಿ ಅನ್ನೋ ಲೆಕ್ಕ.

ಇನ್ನು 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆ. ನೂರು ವರ್ಷ ದಾಟಿದ ಕಲಾಕೃತಿ ಪುರಾತನ ವಸ್ತು. ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸೋ ಹಾಗಿಲ್ಲ, ಅದರ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯದ ಹಸ್ತಪ್ರತಿ, ದಾಖಲೆಗಳಿಗೆ 75 ವರ್ಷವೇ ಸಾಕು. ಇದಲ್ಲದೆ ಕೆಲವು ಕಲಾವಿದರ ಕೃತಿಗಳನ್ನು ಸರ್ಕಾರ ಕಲಾ ನಿಧಿ ಅಂತ ಘೋಷಿಸಿದೆ. ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್, ಠಾಕೂರ್ (ಟ್ಯಾಗೋರ್) ಮನೆತನದ ಮೂವರು, ಶೈಲೋಜ್ ಮುಖರ್ಜಿ, ನಿಕೋಲಸ್ ರೋರಿಕ್. ಚಿತ್ತಪ್ರಸಾದ್ ಆ ಪಟ್ಟಿಯಲ್ಲಿಲ್ಲ. ಕ್ಷಾಮದ ಸ್ಕೆಚ್‌ಗಳಿಗೆ ನೂರು ತುಂಬೋದು 2043ಕ್ಕೆ. ಅಷ್ಟರೊಳಗೆ ಎಷ್ಟು ಹೊರಗೆ ಹೋಗುತ್ತವೋ!

ಕೆಂಪುಶಾಯಿ:
ಇದನ್ನೇ ನಾನು ಹೇಳಿದ್ದು. ರಾಜಮನೆತನದವರನ್ನು, ದೇವತೆಗಳನ್ನು ಬರೆದ ರವಿವರ್ಮ ದೇಶದ ನಿಧಿ. ಹಸಿವನ್ನು ಬರೆದವರು ಪಟ್ಟಿಯಲ್ಲಿಲ್ಲ.

ಹಳೇಕಾಗದ:
ಅಷ್ಟು ಸುಲಭ ಇಲ್ಲ. ಅದೇ ಪಟ್ಟಿಯಲ್ಲಿ ಗಗನೇಂದ್ರನಾಥ ಠಾಕೂರ್ ಇದ್ದಾರೆ. ಶ್ರೀಮಂತ ಜಮೀನ್ದಾರಿ ಮನೆಯವರು, ಆದರೆ 1917ರಿಂದ 1921ರೊಳಗೆ ಅವರು ಹೊರತಂದ ವ್ಯಂಗ್ಯಚಿತ್ರಗಳ ಕಟ್ಟುಗಳನ್ನು ನೋಡಿ. 'ಬಿರೂಪ ಬಜ್ರ', 'ಅದ್ಭುತ ಲೋಕ', 'ನವ ಹುಲ್ಲೋಡ್'. ಎಲ್ಲಾ ಕಲ್ಲಚ್ಚಿನವು (ಲಿಥೋಗ್ರಾಫ್). ಸಾಹೇಬರನ್ನು ಅನುಕರಿಸುವ ಬಾಬುಗಳು, ಜಾತಿಯ ಹೆಸರಲ್ಲಿ ಹೊಟ್ಟೆ ಬೆಳೆಸಿದ ಪುರೋಹಿತರು, ಆಂಗ್ಲ ವಿದ್ಯೆಯ ಗಿರಣಿ, ಯಾರನ್ನೂ ಬಿಟ್ಟಿಲ್ಲ. ತನ್ನ ವರ್ಗದವರನ್ನೇ ಚುಚ್ಚಿದ್ದಾರೆ. ಮಾರುಕಟ್ಟೆಯಲ್ಲಿ ಅವರ ಹೆಸರು ಬಂದರೆ ಜನ ಕೇಳೋದು ಮಂಜು ಮುಸುಕಿದ ಜಲವರ್ಣ, ಘನಾಕೃತಿಯ (ಕ್ಯೂಬಿಸಂ) ಚಿತ್ರಗಳು. ವ್ಯಂಗ್ಯಚಿತ್ರ ಹಿಂದಿನ ಸಾಲಿಗೆ. ಚಿತ್ರಕಾರನೂ ವ್ಯಂಗ್ಯಚಿತ್ರಕಾರನೂ ಒಬ್ಬನೇ ಆದರೆ ಸಂಗ್ರಹಕಾರರು ಮೊದಲನೆಯವನನ್ನು ಎತ್ತಿಕೊಂಡು ಎರಡನೆಯವನನ್ನು ಬಿಡುತ್ತಾರೆ.

ಕಲ್ಲಚ್ಚು:
ಚಿತ್ತಪ್ರಸಾದ್ ವಿಷಯದಲ್ಲೂ ಹಾಗೇ ಆಗಿದೆ. ಪಕ್ಷದ ವಾರಪತ್ರಿಕೆ 'ಪೀಪಲ್ಸ್ ವಾರ್', 1945ರ ನಂತರ 'ಪೀಪಲ್ಸ್ ಏಜ್', ಬಂಗಾಳಿಯ 'ಜನಯುದ್ಧ', ಇವುಗಳಿಗೆ ಅವರು ಬರೆದಿದ್ದು ಕಮ್ಮಿ ಅಲ್ಲ. ಆ ಹಾಳೆಗಳನ್ನು ಯಾರೂ ಫ್ರೇಮ್ ಹಾಕಿಸೋದಿಲ್ಲ. ನನ್ನ ಪ್ರಕಾರ ಮಸಿಕುಡಿಕೆ ಅವರು ಶುರು ಮಾಡಬೇಕಾದ್ದು ಅಲ್ಲಿಂದ. ಪಕ್ಕದ ಪುಟದಲ್ಲಿ ಅಕ್ಕಿಯ ಸುದ್ದಿ, ಮುಷ್ಕರದ ಸುದ್ದಿ, ಸುನಿಲ್ ಜಾನಾ ಅವರ ಕ್ಷಾಮದ ಫೋಟೋ, ನಡುವೆ ಇವರ ಚಿತ್ರ. ಅಂದಿನ ಓದುಗ ನೋಡಿದ್ದು ಅದನ್ನೇ. ಮೂಲ ರೇಖಾಚಿತ್ರಕ್ಕಿಂತ ಆ ಹಾಳೆಯೇ ಒಂದು ರೀತಿಯಲ್ಲಿ ಮೂಲ.

ಕೆಂಪುಶಾಯಿ ಅವರಿಗೂ ಇದರಲ್ಲಿ ತಕರಾರು ಇರಬಾರದು.

ಕೆಂಪುಶಾಯಿ:
ತಕರಾರಿಲ್ಲ. ಇದು ಒಪ್ಪುವ ಮಾತು.

ಸಂಜೆಮಲ್ಲಿಗೆ:
ನನಗೆ ಸ್ವಲ್ಪ ತಕರಾರಿದೆ. ಆ ಕಾಲದ ವ್ಯಂಗ್ಯಚಿತ್ರಗಳನ್ನು ಸಾಲಾಗಿ ನೋಡಿದರೆ ಹಲವು ಪಕ್ಷದ ಮಾತನ್ನು ಹಾಗೇ ಚಿತ್ರಕ್ಕೆ ಇಳಿಸಿದವು. ಪಕ್ಷ ಆಗ ಯುದ್ಧಕ್ಕೆ ಬೆಂಬಲ ಕೊಟ್ಟಿತ್ತು, 1942ರ ಕ್ವಿಟ್ ಇಂಡಿಯಾ ಚಳವಳಿಯಿಂದ ದೂರ ನಿಂತಿತ್ತು. ಅದರ ನೆರಳು ಕಾರ್ಟೂನುಗಳ ಮೇಲೆ ಬಿದ್ದಿದೆ. ಜಪಾನಿನ ರಾಕ್ಷಸ, ಹೊಟ್ಟೆ ದಪ್ಪದ ದಾಸ್ತಾನುಗಾರ, ಒಗ್ಗಟ್ಟಿನ ಮುಷ್ಟಿ. ಅದೇ ಕೈ ಮೇದಿನಿಪುರದಲ್ಲಿ ಒಬ್ಬ ಮುದುಕಿಯ ಎದುರು ಕೂತಾಗ ಬೇರೆಯೇ ಗೆರೆ ಹುಟ್ಟಿದೆ. ಅಲ್ಲಿ ಘೋಷಣೆ ಇಲ್ಲ. ಎರಡನ್ನೂ 'ಸಾಮಾಜಿಕ ಕಾಳಜಿ' ಅಂತ ಒಂದೇ ಡಬ್ಬಿಗೆ ಹಾಕೋದು ನನಗೆ ಒಪ್ಪಿಗೆ ಇಲ್ಲ.

ಕೆಂಪುಶಾಯಿ:
ಘೋಷಣೆಯೂ ಆ ಕಾಲದ ಅಗತ್ಯ ಅಲ್ವಾ? ಜನ ಸಾಯುತ್ತಿರುವಾಗ ಸೂಕ್ಷ್ಮವಾಗಿ ಬರೆಯೋಕೆ ಪುರುಸೊತ್ತು ಎಲ್ಲಿತ್ತು?

ಸಂಜೆಮಲ್ಲಿಗೆ:
ಜನ ಸಾಯುತ್ತಿರುವಾಗಲೇ ಅವರು ಸೂಕ್ಷ್ಮವಾಗಿ ಬರೆದಿದ್ದು! ಅದನ್ನೇ ಹೇಳುತ್ತಿದ್ದೇನೆ. ಅದೇ ವರ್ಷ ಇನ್ನೊಬ್ಬ ಚಿತ್ರಕಾರ ಜೈನುಲ್ ಆಬೆದಿನ್ ಕೊಲ್ಕತ್ತಾದ ಬೀದಿಗಳಲ್ಲಿ ಅಗ್ಗದ ಪ್ಯಾಕಿಂಗ್ ಕಾಗದದ ಮೇಲೆ ಕಪ್ಪು ಶಾಯಿಯ ದಪ್ಪ ಕುಂಚದಲ್ಲಿ ಬರೆದರು. ಚಿತ್ತಪ್ರಸಾದ್ ಅವರ ಜೊತೆ ಓಡಾಡಿ ಕಲಿತ ಸೋಮನಾಥ ಹೋರ್ ಆಗಿನ್ನೂ ಇಪ್ಪತ್ತೆರಡರ ಹುಡುಗ. ಆ ಕ್ಷಾಮ ಹೋರ್ ಅವರನ್ನು ಕೊನೆಯವರೆಗೆ ಬಿಡಲಿಲ್ಲ, ಕಂಚಿನ ಶಿಲ್ಪದಲ್ಲೂ ಅದೇ ಗಾಯ. ಯಾರೂ ಮುಷ್ಟಿ ಬರೆದು ನಮ್ಮನ್ನು ಅಲ್ಲಾಡಿಸಿದ್ದಲ್ಲ.

ಕಲ್ಲಚ್ಚು:
ಒಪ್ಪುತ್ತೇನೆ, ಅದಕ್ಕೇ ಎರಡೂ ಬೇಕು ಅನ್ನೋದು. ದುರ್ಬಲ ಕಾರ್ಟೂನುಗಳನ್ನು ಬಿಟ್ಟು ಒಳ್ಳೆಯದನ್ನು ಮಾತ್ರ ಎತ್ತಿಕೊಂಡರೆ ಸಂತನ ಚಿತ್ರಪಟ ಸಿಗುತ್ತೆ, ಮನುಷ್ಯ ಸಿಗೋದಿಲ್ಲ. 1940ರ ದಶಕದ ಕೊನೆಗೆ ಅವರು ಪಕ್ಷದ ಕೆಲಸದಿಂದ ದೂರ ಸರಿದರು. ಯಾಕೆ ಅಂತ ತಿಳಿಯಬೇಕಾದರೂ ಹಿಂದಿನ ಆ ಮುಷ್ಟಿಗಳನ್ನು ನೋಡಿರಬೇಕು. ದೂರ ಸರಿದ ಮೇಲೂ ವಿಷಯ ಬದಲಾಗಲಿಲ್ಲ. ದುಡಿಯುವ ಮಕ್ಕಳ ಬಗ್ಗೆ ಮಾಡಿದ ಲಿನೋಕಟ್ ಮಾಲೆ, 'ಏಂಜಲ್ಸ್ ವಿದೌಟ್ ಫೇರಿ ಟೇಲ್ಸ್', 1969ರಲ್ಲಿ ಡೆನ್ಮಾರ್ಕಿನ ಯುನಿಸೆಫ್ ಸಮಿತಿಯಿಂದ ಪುಸ್ತಕವಾಯಿತು. ಹೊರೆ ಹೊರುವ, ಬೂಟು ಒರೆಸುವ ಮಕ್ಕಳು. ನನ್ನ ಕೇಳಿದರೆ ಅವರ ಅತ್ಯುತ್ತಮ ಲಿನೋಕಟ್‌ಗಳು ಅಲ್ಲಿವೆ. ಪಕ್ಷ ಇಲ್ಲ, ಮುಷ್ಟಿ ಇಲ್ಲ, ಸಿಟ್ಟು ಮಾತ್ರ ಹಾಗೇ ಇದೆ.

ಮಸಿಕುಡಿಕೆ ಅವರೇ, ಇದನ್ನು ಹೇಳಿದ್ದಕ್ಕೆ ಇನ್ನೊಂದು ಕಾರಣ ಇದೆ. ಇಂಥ ಪುಸ್ತಕದ ಹಾಳೆ ಕತ್ತರಿಸಿ ಫ್ರೇಮ್ ಹಾಕಿ 'ಮೂಲ' ಅಂತ ಕೊಡೋದು ಕಷ್ಟದ ಕೆಲಸ ಅಲ್ಲ. ಅದಕ್ಕೇ ಮತ್ತೆ ಹೇಳುತ್ತೇನೆ, ಫ್ರೇಮ್ ಬಿಚ್ಚಿಸಿ.

ಮಸಿಕುಡಿಕೆ:
ಎಲ್ಲರಿಗೂ ಧನ್ಯವಾದ. ಇಷ್ಟು ದೊಡ್ಡ ಚರ್ಚೆ ಆಗುತ್ತೆ ಅಂದುಕೊಂಡಿರಲಿಲ್ಲ. ಮಾರುವವರಿಗೆ ಫೋನ್ ಮಾಡಿ ಫ್ರೇಮ್ ಬಿಚ್ಚಿ ಹಿಂಬದಿಯ ಫೋಟೋ ಕಳಿಸಿ ಅಂದೆ. 'ಬಿಚ್ಚಿದರೆ ಹಾಳಾಗುತ್ತೆ, ನಂಬಿಕೆ ಇದ್ದರೆ ತಗೊಳ್ಳಿ' ಅಂದರು. ಯಾರಿಂದ ಬಂತು ಅಂತ ಕೇಳಿದರೆ 'ಹಳೇ ಮನೆತನದಿಂದ' ಅಂದರು. ಮನೆತನದ ಹೆಸರು ಹೇಳಲಿಲ್ಲ.

ಕಲ್ಲಚ್ಚು:
'ಹಳೇ ಮನೆತನ' ಅನ್ನೋದು ವಿಳಾಸ ಅಲ್ಲ. ಬಿಟ್ಟುಬಿಡಿ. ಚಿತ್ತಪ್ರಸಾದ್ ಗೆಳೆಯರಿಗೆ ಬೇಕಾದಷ್ಟು ಕಾಗದ ಬರೆದವರು. ನಿಜವಾದ ಕೃತಿಯ ಜೊತೆ ಒಂದು ಪತ್ರ, ಪ್ರದರ್ಶನದ ಕ್ಯಾಟಲಾಗಿನಲ್ಲಿ ಒಂದು ಚಿತ್ರ, ಹಳೇ ರಸೀದಿ, ಏನೋ ಒಂದು ಎಳೆ ಸಿಗಬೇಕು. 2011ರಲ್ಲಿ ಕೊಲ್ಕತ್ತಾದಲ್ಲಿ ರವೀಂದ್ರನಾಥರ ಚಿತ್ರಗಳು ಅಂತ ಪ್ರದರ್ಶನಕ್ಕಿಟ್ಟವು ನಕಲಿ ಅಂತ ಗಲಾಟೆ ಎದ್ದಿದ್ದು ಗೊತ್ತಲ್ಲ. ರವೀಂದ್ರನಾಥರನ್ನೇ ಬಿಡದವರು ನಂಬರ್ ಇಲ್ಲದ ಲಿನೋಕಟ್ ಬಿಡುತ್ತಾರಾ?

ಲೆಕ್ಕದಪುಸ್ತಕ:
ಇದಕ್ಕೆ ನನ್ನದೂ ಓಟು. ದಾಖಲೆ ಇಲ್ಲದ್ದನ್ನು ಕೊಂಡರೆ ನಾಳೆ ಮಾರೋಕೂ ಆಗೋದಿಲ್ಲ.

ಮಸಿಕುಡಿಕೆ:
ಬಿಟ್ಟೆ. ಬದಲಿಗೆ ಹಳೇ ಪುಸ್ತಕದವರೊಬ್ಬರ ಹತ್ತಿರ 'ಪೀಪಲ್ಸ್ ಏಜ್' ಬಿಡಿ ಸಂಚಿಕೆಗಳ ಒಂದು ಕಟ್ಟು ಇದೆಯಂತೆ. ಪೂರ್ತಿ ಇಲ್ಲ, ಕೆಲವು ಹಾಳೆ ಹಳದಿಯಾಗಿ ಪುಡಿ ಉದುರುತ್ತಿವೆ. ಕೆಲವನ್ನು ಯಾರೋ ದಾರದಲ್ಲಿ ಹೊಲಿದು ರಟ್ಟು ಹಾಕಿದ್ದಾರೆ. ನಾಲ್ಕೈದು ಸಂಚಿಕೆಗಳಲ್ಲಿ ಚಿತ್ತಪ್ರಸಾದ್ ಹೆಸರಿದೆ. ಕೊಂಡರೆ ಹೇಗೆ ಕಾಪಾಡೋದು? ಚಿತ್ರ ಇರುವ ಹಾಳೆಗಳನ್ನು ಬಿಡಿಸಿ ಲ್ಯಾಮಿನೇಟ್ ಮಾಡಿಸಲಾ?

ಹಳೇಕಾಗದ:
ಅಯ್ಯೋ, ಲ್ಯಾಮಿನೇಷನ್ ಬೇಡವೇ ಬೇಡ! ಬಿಸಿಗೆ ಅಂಟಿಸಿದ ಪ್ಲಾಸ್ಟಿಕ್ಕನ್ನು ಮತ್ತೆ ಬಿಡಿಸೋಕೆ ಆಗೋದಿಲ್ಲ, ಒಳಗಿನ ಕಾಗದ ಮಾತ್ರ ಕೆಡುತ್ತಾ ಹೋಗುತ್ತೆ. ಸೆಲ್ಲೋಟೇಪೂ ಬೇಡ. ಅದರ ಅಂಟು ಕೆಲವು ವರ್ಷಕ್ಕೆ ಕಂದು ಕಲೆಯಾಗಿ ಅಕ್ಷರದೊಳಗೆ ಇಳಿಯುತ್ತೆ.

ಪತ್ರಿಕೆಯ ಕಾಗದ ಮರದ ತಿರುಳಿನದು. ಅದರಲ್ಲಿರುವ ಲಿಗ್ನಿನ್ ಅನ್ನೋ ಮರದ ಅಂಶ ಬೆಳಕು, ಗಾಳಿ ತಾಗಿ ಹಳದಿಯಾಗುತ್ತೆ, ಆಮ್ಲ ಹುಟ್ಟಿ ಪುಡಿಯಾಗುತ್ತೆ. ಪೂರ್ತಿ ನಿಲ್ಲಿಸೋಕೆ ಆಗೋದಿಲ್ಲ, ನಿಧಾನ ಮಾಡಬಹುದು. ಆಮ್ಲರಹಿತ ಡಬ್ಬಿಯಲ್ಲಿ ಮಲಗಿಸಿಡಿ, ನಡುವೆ ಆಮ್ಲರಹಿತ ಟಿಶ್ಯೂ ಹಾಳೆ. ಬಿಡಿ ಹಾಳೆಗೆ ಪಾಲಿಯೆಸ್ಟರ್ ಲಕೋಟೆ ಸಿಗುತ್ತೆ, ಸಾಮಾನ್ಯ ಪಿವಿಸಿ ಲಕೋಟೆ ಮಾತ್ರ ಬೇಡ. ಕಬ್ಬಿಣದ ಬೀರು ಒಳ್ಳೆಯದು, ಹೊರಗೋಡೆಗೆ ತಾಗಿಸದೆ ಇಡಿ. ಹರಿದ ಕಡೆ ಗೋಧಿ ಹಿಟ್ಟಿನ ಗಂಜಿಯಿಂದ ತೆಳು ಜಪಾನಿ ಕಾಗದ ಹಚ್ಚುತ್ತಾರೆ, ಆದರೆ ಅದನ್ನು ಕಲಿತವರೇ ಮಾಡಬೇಕು. ಎಲ್ಲಕ್ಕಿಂತ ಮೊದಲು ಹಾಳೆಗಳ ಫೋಟೋ ತೆಗೆದುಕೊಳ್ಳಿ. ಬಲವಂತವಾಗಿ ಅಗಲಿಸಿ ಸ್ಕ್ಯಾನರಿಗೆ ಒತ್ತಬೇಡಿ, ಬೆನ್ನು ಮುರಿಯುತ್ತೆ. ಮೇಲಿನಿಂದ ಕ್ಯಾಮೆರಾ ಹಿಡಿದರೆ ಸಾಕು.

ಕೆಂಪುಶಾಯಿ:
ಫೋಟೋ ತೆಗೆದ ಮೇಲೆ ಎಲ್ಲರಿಗೂ ಸಿಗೋ ಹಾಗೆ ಹಾಕುತ್ತೀರಿ ತಾನೇ?

ಕರಿಕೋಟು:
2038 ನೆನಪಿರಲಿ. ಅಧ್ಯಯನಕ್ಕೆ ಅಂತ ಒಬ್ಬರಿಗೆ ತೋರಿಸೋದು ಬೇರೆ, ಇಡೀ ಕಟ್ಟನ್ನು ಬಹಿರಂಗವಾಗಿ ಹಾಕೋದು ಬೇರೆ. ಪತ್ರಿಕೆಗೆ ಬರೆದದ್ದರ ಹಕ್ಕು ಯಾರದು ಅನ್ನೋದು ಇನ್ನೊಂದು ಗೋಜಲು. ಯಾವುದಾದರೂ ಗ್ರಂಥಾಲಯಕ್ಕೆ ಸ್ಕ್ಯಾನ್ ಕೊಡುವ ಮಾತಾದರೆ ಮೊದಲು ಅವರ ಜೊತೆ ಕೂತು ಬರಹದಲ್ಲಿ ಒಪ್ಪಂದ ಮಾಡಿಕೊಳ್ಳಿ.

ಸಂಜೆಮಲ್ಲಿಗೆ:
ಒಂದು ಉಪಮಾತು. ಕನ್ನಡದಲ್ಲೂ ಇದೇ ಕತೆ. 1942ರಲ್ಲಿ ಡಾ. ಎಂ. ಶಿವರಾಂ ಶುರು ಮಾಡಿದ ಹಾಸ್ಯಪತ್ರಿಕೆ 'ಕೊರವಂಜಿ' 1967ಕ್ಕೆ ನಿಂತಿತು. ಆರ್. ಕೆ. ಲಕ್ಷ್ಮಣ್ ಹೆಸರು ಮಾಡುವ ಮೊದಲು ಅದಕ್ಕೆ ಚಿತ್ರ ಬರೆಯುತ್ತಿದ್ದರು. ಲಕ್ಷ್ಮಣ್ ಅವರ ಮೂಲ ಕಾರ್ಟೂನಿಗೆ ಮುಗಿಬೀಳುವ ಜನ ಆ ಹಳೇ ಸಂಚಿಕೆಗಳನ್ನು ತೂಕಕ್ಕೆ ಹಾಕಿದ್ದಾರೆ. ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ದಯವಿಟ್ಟು ಕೆಳಗಿಳಿಸಿ, ಹುಳ ಹಿಡಿದಿದೆಯಾ ನೋಡಿ.

ಮಸಿಕುಡಿಕೆ:
ಕಟ್ಟು ಕೊಳ್ಳುತ್ತೇನೆ. ಇನ್ನೊಂದೇ ಅನುಮಾನ. ಹೊಲಿದು ರಟ್ಟು ಹಾಕಿದ ಸಂಚಿಕೆಗಳ ದಾರ ಬಿಚ್ಚಲಾ, ಹಾಗೇ ಬಿಡಲಾ? ಹೊಲಿಗೆ ಒಂದು ಕಡೆ ಚಿತ್ರದ ಅಂಚಿನ ಮೇಲೇ ಬಂದಿದೆ.

ಹಳೇಕಾಗದ:
ಹಾಗೇ ಬಿಡಿ. ಬಿಚ್ಚುವಾಗ ಹೊಲಿಗೆಯ ತೂತಿನ ಸಾಲಿಗೇ ಹಾಳೆ ಹರಿದು ಬರುತ್ತೆ, ಆಮೇಲೆ ಚಿತ್ರ ಎರಡು ತುಂಡು. ರಟ್ಟಿನ ಒಳಬದಿ ನೋಡಿ, ಹೊಲಿಸಿದವರು ಹೆಸರು, ಊರು, ತಾರೀಕು ಏನಾದರೂ ಬರೆದಿರಬಹುದು. ಬರೆದಿದ್ದರೆ ಅದನ್ನೂ ಫೋಟೋ ತೆಗೆದಿಡಿ.